ಈ ಸಾಲು ಗಟ್ಟಿಯಾಗಿ ಓದಬೇಡಿ

ಜೂನ್ ೮

ಪ್ರೀತಿಯ ಅಪ್ಪಾ,

ಫೋನ್ ಮಾಡುವುದು ಬಿಟ್ಟು ಕಾಗದ ಬರೆಯುತ್ತಿದ್ದೇನೆ ಅಂತ ಬೇಸರ ಮಾಡಿಕೊಳ್ಳಬೇಡ. ಮೊನ್ನೆ ಫೋನಿನಲ್ಲಿ ನೀನು "ಊಟ ಆಯ್ತಾ" ಅಂದೆ, ನಾನು ತಲೆಯಾಡಿಸಿದೆ. "ಕೆಲಸ ಹಿಡಿಸ್ತಾ" ಅಂದೆ, ಅದಕ್ಕೂ ತಲೆಯಾಡಿಸಿದೆ. "ಇದ್ದೀಯೇನೇ?" ಅಂತ ನೀನು ಕೇಳಿದ ಮೇಲೆ ನನಗೆ ಎಚ್ಚರವಾಯಿತು. ಅಷ್ಟರಲ್ಲಿ ನಿಮ್ಮ ಕೇಂದ್ರದ ಕಾರಿಡಾರಿನಲ್ಲಿ ಫೋನಿಗೆ ಕಾಯುತ್ತಿದ್ದವರು ಕೆಮ್ಮತೊಡಗಿದ್ದರು. ಕಣ್ಣು ಕಾಣುತ್ತಿದ್ದಾಗ ನೀನು ನನ್ನ ಮುಖ ನೋಡಿಯೇ ಅರ್ಧ ಸಂಗತಿ ತಿಳಿದುಕೊಳ್ಳುತ್ತಿದ್ದೆ. ನನಗೆ ಆ ರೂಢಿ ಇನ್ನೂ ಹೋಗಿಲ್ಲ.

ಕೆಲಸ ಹಿಡಿಸಿದೆ. ಒಂದು ಉದ್ದನೆಯ ಶೆಡ್ಡು. ಬಾಗಿಲ ಬಳಿ ಕಚೇರಿಗಳು ದಾನ ಕೊಟ್ಟ ಹಳೆಯ ಕಂಪ್ಯೂಟರುಗಳ ರಾಶಿ, ಆಚೆ ತುದಿಯಲ್ಲಿ ಶಾಲೆಗಳಿಗೆ ಹೊರಟು ನಿಂತವುಗಳ ಸಾಲು. ನಡುವೆ ನಾವು. ಒಂದೊಂದರ ಮುಚ್ಚಳ ಬಿಚ್ಚಿದರೂ ಒಂದೊಂದು ಸಂಸಾರ. ಒಂದರಲ್ಲಿ ಧೂಳು ಕಂಬಳಿಯ ಹಾಗೆ ಮಡಿಕೆ ಬಿದ್ದಿರುತ್ತದೆ, ಇನ್ನೊಂದರಲ್ಲಿ ಜಿರಳೆ ಮೊಟ್ಟೆ. ಮೊನ್ನೆ ಯಾರದೋ ಕಿವಿಯೋಲೆ ಸಿಕ್ಕಿತು. ಧೂಳು ತೆಗೆದು, ಹಿಂದಿನವರ ಕಡತಗಳನ್ನು ಗುರುತೂ ಉಳಿಯದ ಹಾಗೆ ಅಳಿಸಿ, ಕೆಟ್ಟ ಭಾಗ ಬದಲಿಸಿ, ಒಂದು ಹಗಲು ಪೂರ್ತಿ ಓಡಿಸಿ ನೋಡುತ್ತೇವೆ.

ನಮ್ಮ ಮೇಸ್ತ್ರಿ ಹಿಂದೆ ರೇಡಿಯೋ ರಿಪೇರಿ ಮಾಡುತ್ತಿದ್ದವರು. ಮೊದಲ ದಿನ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಸಾಹಿತ್ಯ ಓದಿದೋಳಾ? ಒಳ್ಳೇದಾಯ್ತು. ಇವೂ ಹಳೇ ಪುಸ್ತಕದ ಥರಾನೇ. ಧೂಳು ಕೊಡವಿದ್ರೆ ಅರ್ಧ ಕೆಲಸ ಮುಗೀತು" ಅಂದರು. ಅವರದೊಂದು ಶಾಸನವಿದೆ. ಶಾಲೆಗೆ ಹೋಗುವ ಯಂತ್ರ ಮೌನವ್ರತದಲ್ಲಿರಬೇಕು. ಹಿಂದೊಮ್ಮೆ ಒಂದು ಶಾಲೆಗೆ ಕಳಿಸಿದ್ದನ್ನೆಲ್ಲ ಮಕ್ಕಳು ಒಟ್ಟಿಗೆ ಕಿರುಚಿಸಿ, ಹೆಡ್‌ಮಿಸ್ಟ್ರೆಸ್‌ಗೆ ತಲೆನೋವು ಬಂದು, ಲಾರಿ ತುಂಬಿಸಿ ವಾಪಸ್ ಅಟ್ಟಿದರಂತೆ. ಅಂದಿನಿಂದ ಒಳಗಿನ ಪುಟ್ಟ ಸ್ಪೀಕರ್ ಕಿತ್ತು ಡಬ್ಬಿಗೆ ಹಾಕುವುದು, ಇಯರ್‌ಫೋನ್ ಚುಚ್ಚುವ ಕಿಂಡಿಗಳಿಗೆ ಬಿಸಿ ಗೋಂದು ತುಂಬಿ ಮುಚ್ಚುವುದು, ಇಲ್ಲಿಯ ಪದ್ಧತಿ. "ಮಾತಾಡೋ ಯಂತ್ರ ವಾಪಸ್ ಬರುತ್ತೆ, ಮಾತಾಡದ್ದು ಅಲ್ಲೇ ಬಾಳುತ್ತೆ" ಅನ್ನುತ್ತಾರೆ. ಗೋಂದಿನ ಕೆಲಸ ಈಗ ನನ್ನದೇ. ಕೈ ನಡುಗುವುದಿಲ್ಲವಂತೆ.

ನಿನ್ನ ತರಗತಿ ಹೇಗಿದೆ? ಅಲ್ಲಿಯ ಕಂಪ್ಯೂಟರು ಅಕ್ಷರಗಳನ್ನು ಓದಿ ಹೇಳುತ್ತದೆ ಅಂದಿದ್ದೆಯಲ್ಲ, ಅದರ ದನಿ ಹೇಗಿದೆ?

ನಿನ್ನ,
ಗುಬ್ಬಿ

ಜೂನ್ ೨೧

ಗುಬ್ಬಿ,

ನಿನ್ನ ಕಾಗದ ಓದಿದವರೂ ಈ ಕಾಗದ ಬರೆಯುತ್ತಿರುವವರೂ ಇಲ್ಲಿಯ ಅಡುಗೆಯಕ್ಕ. ಅಕ್ಷರ ದುಂಡಗಿದೆ ಎಂದು ಅವರೇ ಹೇಳಿದ್ದಾರೆ. ನಂಬಿದ್ದೇನೆ.

ಯಂತ್ರದ ದನಿ ಮೂಗಿನಲ್ಲಿದೆ. ನೆಗಡಿ ಹಿಡಿದ ಮೇಷ್ಟರ ಹಾಗೆ. ಯಾವ ಕೀಲಿ ಒತ್ತಿದರೂ ಅದರ ಹೆಸರು ಹೇಳುತ್ತದೆ, ತಪ್ಪು ಒತ್ತಿದರೆ ತಪ್ಪನ್ನೂ ಅಷ್ಟೇ ನಿರ್ವಿಕಾರವಾಗಿ ಹೇಳುತ್ತದೆ. ಜೀವಮಾನವೆಲ್ಲ ಅಚ್ಚುಮನೆಯಲ್ಲಿ ಕೂತು ಊರವರ ತಪ್ಪು ತಿದ್ದಿದವನಿಗೆ ಈಗ ತಕ್ಕ ಗುರು ಸಿಕ್ಕಿದ್ದಾನೆ.

ಆದರೆ ಮಾತಾಡುವ ಯಂತ್ರ ಇರುವುದು ಎರಡೇ. ಕಲಿಯುವವರು ಒಂದು ಕೋಣೆಯ ತುಂಬ. ಎಲ್ಲ ಎಳೆಯರು, ಮುಂದೆ ಬಾಳಿ ಬದುಕಬೇಕಾದವರು. ನನ್ನ ಸರದಿಯನ್ನು ಅವರಿಗೆ ಬಿಟ್ಟುಕೊಡುತ್ತೇನೆ. ನಿನ್ನ ಅತ್ತೆ ಫೋನ್ ಮಾಡಿದ್ದಳು. ಅವಳ ಮನೆಯ ಹಿಂದಿನ ಕೋಣೆ ಖಾಲಿ ಇದೆಯಂತೆ. ಕಿಟಕಿ ಇದೆ, ಗಾಳಿ ಬರುತ್ತದೆ, ರೇಡಿಯೋ ಕೊಡಿಸುತ್ತಾಳಂತೆ. ನೀನೂ ಕೆಲಸಕ್ಕೆ ಹೋಗುವವಳು, ಹಗಲೆಲ್ಲ ನನ್ನನ್ನು ಯಾರು ನೋಡಿಕೊಳ್ಳಬೇಕು? ಯೋಚಿಸುತ್ತಿದ್ದೇನೆ. ನಾನು ಕ್ಷೇಮ.

ಅಪ್ಪ

ಮಗಳೇ, ಇಲ್ಲಿಂದ ಮುಂದೆ ನಾನು, ಅಡುಗೆಯಕ್ಕ. ನಿಮ್ಮಪ್ಪನಿಗೆ "ಅಪ್ಪ" ಅನ್ನೋವರೆಗೆ ಓದಿ ಹೇಳಿ ನಿಲ್ಸಿದೀನಿ. ಯೋಚ್ನೆ ಗೀಚ್ನೆ ಏನಿಲ್ಲ, ಹೊರಡೋದು ಅಂತ ತೀರ್ಮಾನ ಮಾಡಿ ಕೂತಿದಾರೆ. ಸರದಿ ಬಿಟ್ಟುಕೊಡೋದು ಧಾರಾಳತನ ಅಂತ ಅಂದ್ಕೋಬೇಡ. ಇಲ್ಲೊಬ್ಬಳು ಹುಡುಗಿ ಇದಾಳೆ, ಎಲ್ಲರೂ ತರಲೆ ಅಂತಾರೆ. "ತಾತ, ಅದಲ್ಲ, ಪಕ್ಕದ್ದು ಒತ್ತಿ" ಅಂತ ಅವಳು ಒಂದು ಸಲ ಅಂದಿದ್ದಕ್ಕೆ ನಿಮ್ಮಪ್ಪ ಎದ್ದು ಬಂದವರು ಮತ್ತೆ ಆ ಕುರ್ಚಿ ಮೇಲೆ ಕೂತಿಲ್ಲ. ನಾನು ಪೇಪರ್ ಓದಿ ಹೇಳ್ತೀನಿ ಅಂದ್ರೆ, "ಬೇರೆಯವರ ಬಾಯಿಂದ ಓದಿಸ್ಕೊಳ್ಳೋದು ಎಂಜಲು ತಿಂದ ಹಾಗೆ" ಅಂತ ನನ್ನ ಮುಖಕ್ಕೇ ಹೇಳಿದ್ರು. ನನಗೇನೂ ಬೇಜಾರಿಲ್ಲ. ಉಪ್ಪು ಒಂದು ಚಿಟಿಕೆ ಜಾಸ್ತಿ ಹಾಕಿ ತೀರಿಸ್ಕೊಂಡೆ. ಆದ್ರೆ ಓದೋ ಆಸೆ ಇಷ್ಟಿರೋರು ಆ ಹಿಂದಿನ ಕೋಣೆಗೆ ಹೋದ್ರೆ ಅಲ್ಲೇ ಮುದುಡಿಬಿಡ್ತಾರೆ. ಏನಾದ್ರೂ ಮಾಡು.

ಜುಲೈ ೩

ಪ್ರೀತಿಯ ಅಪ್ಪಾ,

ಗಟ್ಟಿಯಾಗಿ ಕುಳಿತುಕೋ. ನಿಮ್ಮ ಕೇಂದ್ರಕ್ಕೆ ಹತ್ತು ಕಂಪ್ಯೂಟರುಗಳು ಬರುತ್ತಿವೆ.

ಹೇಗಾಯಿತು ಅಂದರೆ, ನಾನು ಮೇಸ್ತ್ರಿಯವರ ಮೇಜಿನ ಮುಂದೆ ಹೋಗಿ ನಿಂತೆ. ನಿಂತೇ ಇದ್ದೆ. ಅವರು ಸೋಲ್ಡರ್ ಮಾಡುವುದನ್ನು ಮುಗಿಸಿ, ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು, "ಕಂಬದ ಹಾಗೆ ನಿಂತ್ರೆ ನನಗೇನಮ್ಮ ಗೊತ್ತಾಗುತ್ತೆ? ಬಾಯಿ ಬಾಡಿಗೆಗೆ ಕೊಟ್ಟಿದೀಯಾ?" ಅಂದರು. ನಾನು "ಅಪ್ಪ ಕಲಿಯೋ ಕೇಂದ್ರಕ್ಕೆ ಯಂತ್ರ ಬೇಕು" ಅಂದೆ. ಅಷ್ಟೇ ಅಂದದ್ದು. ಅವರು ಮುಂದಿನ ಸಾಲಿನಲ್ಲಿದ್ದ ಒಂದು ತರಬೇತಿ ಕೇಂದ್ರದ ಸರದಿಯನ್ನು ಒಂದು ತಿಂಗಳು ಮುಂದಕ್ಕೆ ಹಾಕಿ, ನಿಮ್ಮದನ್ನು ಅಲ್ಲಿ ಸೇರಿಸಿದರು. ನಿಮ್ಮಲ್ಲಿ ಯಾವ ತರಬೇತಿ, ಯಾರಿಗೆ ತರಬೇತಿ ಅಂತ ಅವರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಹತ್ತನ್ನೂ ನಾನೇ ಆರಿಸಿದೆ. ಬೇರೆ ಯಾರನ್ನೂ ಮುಟ್ಟಗೊಡಲಿಲ್ಲ. ಕೀಲಿಮಣೆಗಳ ಒಂದೊಂದು ಗುಂಡಿಯನ್ನೂ ಕಿತ್ತು ತೊಳೆದು ಒಣಗಿಸಿದೆ, ನಿನ್ನ ಬೆರಳಿಗೆ ಅಂಟುಅಂಟಾಗಿ ಏನೂ ತಾಗಬಾರದು ಅಂತ. ಪರದೆಗಳನ್ನಂತೂ ಒಂದು ಗೆರೆಯೂ ಉಳಿಯದ ಹಾಗೆ ಒರೆಸಿದ್ದೇನೆ. ಎಲ್ಲಕ್ಕಿಂತ ಪ್ರಕಾಶವಾದ ಪರದೆಗಳನ್ನೇ ಹುಡುಕಿ ಇಟ್ಟಿದ್ದೇನೆ. ಪೆಟ್ಟಿಗೆಗಳನ್ನು ಕಟ್ಟಿ ಮುಗಿಸಿದಾಗ ಮೇಸ್ತ್ರಿ ಸುತ್ತ ನಡೆದು ನೋಡಿ, "ಇದು ರವಾನೆ ಅಲ್ಲ, ಮಗಳನ್ನ ಗಂಡನ ಮನೆಗೆ ಕಳಿಸೋ ಸಂಭ್ರಮ" ಅಂದರು.

ಅವು ಬರುವವರೆಗಾದರೂ ಅತ್ತೆಗೆ ಏನೂ ಮಾತು ಕೊಡಬೇಡ. ನಿನಗೇ ಅಂತ ಒಂದು ಯಂತ್ರ ಇದ್ದರೆ ಯಾರೂ ಪಕ್ಕದಲ್ಲಿ ಕೂತು ಅವಸರ ಮಾಡುವುದಿಲ್ಲ.

ನಿನ್ನ,
ಗುಬ್ಬಿ

ಜುಲೈ ೧೯

ಗುಬ್ಬಿ,

ಯಂತ್ರಗಳು ಬಂದವು. ಒಂದಕ್ಕೂ ಪೆಟ್ಟು ಬಿದ್ದಿಲ್ಲ. ಕೀಲಿಮಣೆ ಮುಟ್ಟಿ ನೋಡಿದೆ, ನೀನು ತೊಳೆದ ಪಾತ್ರೆಯ ಹಾಗೆ ಕಿರ್ ಅನ್ನುತ್ತದೆ. ಪರದೆಗಳು ಕನ್ನಡಿಯಂತೆ ಹೊಳೆಯುತ್ತವೆಯಂತೆ. ಅಡುಗೆಯಕ್ಕ ಅವುಗಳಲ್ಲೇ ನೋಡಿಕೊಂಡು ತಲೆ ಬಾಚಿಕೊಳ್ಳುತ್ತಾರೆ. ಎಲ್ಲರೂ ಸಂತೋಷಪಟ್ಟರು. ನಿಮ್ಮ ಮೇಸ್ತ್ರಿಯವರಿಗೆ ನನ್ನ ನಮಸ್ಕಾರ ತಿಳಿಸು.

ಅತ್ತೆ ಮುಂದಿನ ತಿಂಗಳ ಮೊದಲ ಶನಿವಾರ ಬರುತ್ತಾಳೆ. ನಾನು ಅವಳ ಜೊತೆ ಹೊರಡುವುದೆಂದು ಒಪ್ಪಿದ್ದೇನೆ. ಕಾರಣ ಹುಡುಕಬೇಡ. ವಯಸ್ಸಾಯಿತು, ಅಷ್ಟೇ. ನಾನು ಕ್ಷೇಮ.

ಅಪ್ಪ

ಮಗಳೇ, ನಾನು. ಎಲ್ಲರೂ ಸಂತೋಷಪಟ್ಟರು ಅನ್ನೋದು ಸುಳ್ಳು. ಬರೆಯೋವಾಗ ನನ್ನ ಕೈ ತಡೀತು, ಆದ್ರೂ ಹೇಳಿದ್ದು ಬರೀಬೇಕಲ್ಲ. ಹತ್ತಕ್ಕೆ ಹತ್ತೂ ಮೂಕ! ಮಾತಾಡಿಸೋ ಸಾಫ್ಟ್‌ವೇರ್ ಹಾಕಿದ್ರು, ಇಯರ್‌ಫೋನ್ ಚುಚ್ಚೋಕೆ ಹೋದ್ರೆ ತೂತೇ ಇಲ್ಲ, ಏನೋ ಮೇಣದ ಹಾಗೆ ಗಟ್ಟಿಯಾಗಿ ತುಂಬಿದೆ. ಎಲ್ಲರೂ ಬೆಳಿಗ್ಗೆಯಿಂದ ಸಾಲಾಗಿ ಕೂತಿದ್ರು, ಪಾಪ, ಮದುವೆ ಊಟಕ್ಕೆ ಎಲೆ ಮುಂದೆ ಕೂತ ಹಾಗೆ. ತರಲೆ ಅಂದ್ಲು, "ತಾತ, ನಿಮ್ಮ ಮಗಳು ಕಳಿಸಿರೋದು ಟಿವೀನಾ? ನಾವು ನೋಡ್ತಾ ಕೂರ್ಬೇಕಾ?" ಅಂತ. ಕೋಣೆಯೆಲ್ಲ ನಗು. ನಿಮ್ಮಪ್ಪ ನಗಲಿಲ್ಲ. "ಯಂತ್ರದ್ದೇನೂ ದೋಷ ಇಲ್ಲ, ತೂತು ಮುಚ್ಚಿರೋದು ಧೂಳು ಹೋಗದಿರ್ಲಿ ಅಂತ, ಈ ಕಟ್ಟಡದ ವೈರಿಂಗೇ ಸರಿಯಿಲ್ಲ" ಅಂತ ಸಾಧಿಸಿದ್ರು. ಈಗ ಎಲ್ಲರೂ ಸೇರಿ ನಮ್ಮ ಎಲೆಕ್ಟ್ರಿಶಿಯನ್‌ನ ಬೈತಿದಾರೆ. ಅವನು ಗೋಡೆಯ ಸ್ವಿಚ್ಚೆಲ್ಲ ಬಿಚ್ಚಿ ಕೂತಿದಾನೆ, ಊಟಕ್ಕೂ ಬರಲ್ಲ. ನಿನ್ನ ಹೆಸರಿಗೆ ಮಸಿ ಹತ್ತಬಾರದು ಅಂತ ನಿಮ್ಮಪ್ಪ ಹೊರಡೋದು. ಇಲ್ಲಿದ್ರೆ ದಿನಾ ಆ ಮಾತು ಕೇಳ್ಬೇಕಲ್ಲ.

ಜುಲೈ ೨೫

ಪ್ರೀತಿಯ ಅಪ್ಪಾ,

ಯಂತ್ರಗಳು ಸುಖವಾಗಿ ಬಂದು ಸೇರಿದ್ದು ಕೇಳಿ ಸಂತೋಷವಾಯಿತು. ಇಲ್ಲಿ ಈಗ ಒಂದು ಗ್ರಂಥಾಲಯಕ್ಕೆ ಸಾಲು ಸಿದ್ಧವಾಗುತ್ತಿದೆ. ಶೆಡ್ಡಿನ ಬೆಕ್ಕು ಬೆಚ್ಚಗಿರುತ್ತದೆ ಅಂತ ಓಡುತ್ತಿರುವ ಯಂತ್ರಗಳ ಮೇಲೆಯೇ ಮಲಗುತ್ತದೆ. ಬೇರೆ ವಿಶೇಷವಿಲ್ಲ. ಅತ್ತೆಯ ಮನೆಗೆ ಹೋಗುವುದಾದರೆ ಸ್ವೆಟರ್ ಮರೆಯಬೇಡ.

ಅಕ್ಕಾ, ಈ ಸಾಲು ಗಟ್ಟಿಯಾಗಿ ಓದಬೇಡಿ. ಎಲೆಕ್ಟ್ರಿಶಿಯನ್ ತಪ್ಪಲ್ಲ, ನನ್ನ ತಪ್ಪು. ಆ ಕಿಂಡಿಗಳಿಗೆ ಗೋಂದು ತುಂಬಿದ್ದು ನಾನೇ. ಒಳಗಿನ ಸ್ಪೀಕರ್ ಕಿತ್ತದ್ದೂ ನಾನೇ. ದಿನವೂ ಮಾಡುವ ಕೆಲಸ, ಕೈ ತನ್ನಷ್ಟಕ್ಕೆ ಮಾಡಿಬಿಟ್ಟಿದೆ. ಯಾರಿಗೆ ಹೋಗುತ್ತಿದೆ ಅಂತ ಗೊತ್ತಿದ್ದವಳು ಈ ಶೆಡ್ಡಿನಲ್ಲಿ ನಾನೊಬ್ಬಳೇ. ಪರದೆ ಒರೆಸುತ್ತ ಕೂತಿದ್ದೆ ಅಕ್ಕಾ, ನೋಡಲಾರದವರಿಗೆ. ನಿಮ್ಮ ಸಾಲು ಓದಿದ ಮೇಲೆ ಒಂದು ತುತ್ತು ಇಳಿದಿಲ್ಲ. ಮೇಸ್ತ್ರಿಗೆ ಹೇಳಿದೆ. ಅವರು ತಲೆ ಮೇಲೆ ಕೈ ಹೊತ್ತು, "ಅಯ್ಯೋ ನಮ್ಮ ಮೌನವ್ರತವೇ" ಅಂದು, ಸ್ಪೀಕರಿನ ಡಬ್ಬಿ ನನ್ನ ಕೈಗೆ ಕೊಟ್ಟು, "ತಪ್ಪು ಕೈದು. ಕೈಯನ್ನೇ ಕರ್ಕೊಂಡು ಹೋಗಿ ಸರಿ ಮಾಡಿಸ್ಕೊಂಡು ಬಾ" ಅಂದರು. ಅತ್ತೆ ಬರುವ ಆ ಶನಿವಾರವೇ ನಾನು ಬರುತ್ತೇನೆ, ಅದಕ್ಕಿಂತ ಮುಂಚೆ ರಜೆ ಇಲ್ಲ. ಅಪ್ಪನಿಗೆ ಹೇಳಬೇಡಿ. ಮಧ್ಯಾಹ್ನದವರೆಗೆ ಅತ್ತೆಯನ್ನು ಹೇಗಾದರೂ ಹಿಡಿದಿಡಿ. ಅಷ್ಟೊಂದು ಜನರ ಮುಂದೆ ನಿಂತು ಏನು ಹೇಳುವುದೋ ನನಗೆ ತಿಳಿಯುತ್ತಿಲ್ಲ.

ನಿನ್ನ,
ಗುಬ್ಬಿ

ಜುಲೈ ೨೯

ಮಗಳೇ,

ಈ ಕಾಗದ ಪೂರ್ತಿ ನನ್ನದೇ. ನಿಮ್ಮಪ್ಪನಿಗೆ ಗೊತ್ತಿಲ್ಲ. ಗೊತ್ತಿಲ್ಲ ಅಂದ್ಕೊಂಡಿದೀನಿ. ನನ್ನ ಬುದ್ಧಿಯ ಮೇಲೆ ಈಗ ನನಗೇ ನಂಬಿಕೆ ಇಲ್ಲ.

ಮೊನ್ನೆ ನಿನ್ನ ಕಾಗದ ಬಂತು. ಒಲೆ ಮೇಲೆ ಹಾಲಿಟ್ಟಿದ್ದೆ. ಒಂದು ಕಣ್ಣು ಹಾಲಿನ ಮೇಲೆ, ಒಂದು ಕಣ್ಣು ಕಾಗದದ ಮೇಲೆ. ನಿಮ್ಮಪ್ಪ ಅಡುಗೆಮನೆ ಸ್ಟೂಲಿನ ಮೇಲೆ ಕೂತಿದ್ರು. ಬೆಕ್ಕು, ಗ್ರಂಥಾಲಯ, ಸ್ವೆಟರ್, ಅಂತ ಒಂದೇ ಉಸಿರಲ್ಲಿ ಓದ್ತಾ ಹೋದವಳು "ಅಕ್ಕಾ, ಈ ಸಾಲು ಗಟ್ಟಿಯಾಗಿ ಓದಬೇಡಿ" ಅನ್ನೋದನ್ನೂ ಗಟ್ಟಿಯಾಗಿ ಓದ್ಬಿಟ್ಟೆ. ನಾಲಿಗೆ ಕಚ್ಚಿಕೊಂಡೆ. ಅಷ್ಟರಲ್ಲಿ ಹಾಲೂ ಉಕ್ಕಿತು.

ನಿಮ್ಮಪ್ಪ, "ಯಾಕೆ ನಿಲ್ಸಿದ್ರಿ?" ಅಂದ್ರು. "ಇಲ್ಲ, ಅದು, ಹಾಲು" ಅಂದೆ. "ಹಾಲು ಉಕ್ಕಿ ಆಯ್ತಲ್ಲ, ಮುಂದೆ ಓದಿ" ಅಂದ್ರು. ನಾನು ಸುಳ್ಳು ಹೇಳೋಕೆ ಬಾಯಿ ತೆರೆದೆ, ಒಂದೂ ಹುಟ್ಟಲಿಲ್ಲ. ಪೂರ್ತಿ ಓದಿದೆ. ನೀನು ಊಟ ಬಿಟ್ಟಿದ್ದು, ಮೇಸ್ತ್ರಿ ಹೇಳಿದ್ದು, ಎಲ್ಲ.

ನಿಮ್ಮಪ್ಪ ಸ್ಟೂಲನ್ನ ನನ್ನ ಕಡೆಗೆ ಎಳ್ಕೊಂಡು ಕೂತ್ರು. ಆಮೇಲೆ ಕೇಳಿದ್ದು ಒಂದೇ, "ನೀವು ಅವಳಿಗೆ ಎಷ್ಟು ದಿನದಿಂದ ಹಿಂಬಾಗಿಲಲ್ಲಿ ಬರೀತಿದೀರಿ?" ಅಂತ. ಮೊದಲಿಂದಲೂ ಅಂದೆ. ಬೈತಾರೆ ಅಂತ ಸೌಟು ಹಿಡ್ಕೊಂಡು ನಿಂತಿದ್ದೆ. ಬೈಲಿಲ್ಲ. "ಹಾಗಾದ್ರೆ ಈ ಮನೇಲಿ ನಿಜ ಹೇಳದೆ ಇದ್ದೋನು ನಾನೊಬ್ಬನೇ" ಅಂದ್ರು. ನಗ್ತಿದ್ರೋ ಏನೋ, ಮುಖ ಆ ಕಡೆ ತಿರುಗಿಸಿದ್ರು.

ಹೊರಡೋದು ಬಿಟ್ಟಿಲ್ಲ. ಬ್ಯಾಗ್ ಕಟ್ಟಿಟ್ಟಿದಾರೆ. ನೀನು ಬಾ. ನಿಮ್ಮತ್ತೆನ ನಾನು ನೋಡ್ಕೊಳ್ತೀನಿ, ನನ್ನ ಅಡುಗೆಮನೆಗೆ ಬಂದ ಹೆಂಗಸು ಅಷ್ಟು ಸುಲಭಕ್ಕೆ ಎದ್ದು ಹೋದದ್ದಿಲ್ಲ. ಎಲೆಕ್ಟ್ರಿಶಿಯನ್‌ಗೆ ಮಾತ್ರ ಈಗಲೇ ಹೇಳ್ಬಿಟ್ಟೆ, ಪಾಪ, ಊಟಕ್ಕೆ ಬರ್ಲಿ ಅಂತ.

ಅಡುಗೆಯಕ್ಕ

ಆಗಸ್ಟ್ ೧೪

ಗುಬ್ಬಿ,

ಇದು ನಾನೇ ಟೈಪ್ ಮಾಡಿ ಕಂಪ್ಯೂಟರಿನಿಂದಲೇ ಕಳಿಸುತ್ತಿರುವ ಪತ್ರ, ನಾಲ್ಕನೆಯ ಪ್ರಯತ್ನ. ಮೊದಲ ಮೂರು ಪತ್ರಗಳು ನನ್ನ ಬೆರಳು ಎಲ್ಲಿಗೋ ಹೋಗಿ ಅಳಿಸಿಹೋದವು. ಅವು ಇದಕ್ಕಿಂತ ಚೆನ್ನಾಗಿದ್ದವು. ನಂಬು, ಬೇರೆ ದಾರಿಯಿಲ್ಲ.

ನೀನು ಬಂದ ದಿನದ ಕಥೆಯನ್ನು ನನ್ನ ಕಡೆಯಿಂದ ಹೇಳುತ್ತೇನೆ. ನೀನು ಕಂಡದ್ದು ಬೇರೆ, ನಾನು ಕೇಳಿದ್ದು ಬೇರೆ. ಬಾಗಿಲು ಕಿರುಗುಟ್ಟಿತು. ಡಬ್ಬಿಯೊಳಗೆ ಏನೋ ಗಲಗಲ ಅಂದಿತು. ಆಮೇಲೆ ಏನೂ ಇಲ್ಲ. ಎಲ್ಲರೂ ಕಾಯುತ್ತಿದ್ದರು. ತರಲೆ ಹೇಳಿದಳು, "ಯಾರೋ ಬಂದಿದಾರೆ. ಸೋಪಿನ ವಾಸನೆ ಇದೆ, ಮಾತಿಲ್ಲ. ಯಾರ್ರೀ, ಹನ್ನೊಂದನೇ ಪೆಟ್ಟಿಗೇನಾ?"

ನೀನು ಅಲ್ಲಿರುವುದು ನನಗೆ ಗೊತ್ತಿತ್ತು. ಒಂದು ಮಾತಾಡಿದ್ದರೆ ನೀನು ನನ್ನ ಬೆನ್ನ ಹಿಂದೆ ಬಂದು ನಿಂತುಬಿಡುತ್ತಿದ್ದೆ, ಚಿಕ್ಕಂದಿನ ಹಾಗೆ. ಬಾಯಿ ಬಿಗಿಹಿಡಿದು ಕೂತೆ. ನನ್ನ ಜನ್ಮದಲ್ಲಿ ಅಷ್ಟು ಕಷ್ಟದ ಕೆಲಸ ಮಾಡಿಲ್ಲ.

ಆಮೇಲೆ ನಿನ್ನ ದನಿ ಬಂತು. "ನಾನು ಇವರ ಮಗಳು. ಇವನ್ನ ಮೂಕ ಮಾಡಿದ್ದು ನಾನೇ. ವೈರಿಂಗ್ ಸರಿಯಾಗೇ ಇದೆ." ಬಾಗಿಲ ಹತ್ತಿರ ಎಲೆಕ್ಟ್ರಿಶಿಯನ್, "ಕೇಳಿಸ್ಕೊಳ್ರಪ್ಪಾ, ಎಲ್ಲರೂ ಕಿವಿ ತುಂಬ ಕೇಳಿಸ್ಕೊಳ್ಳಿ!" ಎಂದು ಕೂಗಿದ. ಆ ನಗುವಿನಲ್ಲಿ ನಿನಗೆ ಉಸಿರು ಬಂತು. ಅಲ್ಲಿಂದ ನೀನು ನಿಲ್ಲಿಸಲೇ ಇಲ್ಲವಲ್ಲೇ! "ಈಗ ನಿಮ್ಮ ಎಡಗಡೆ ಬರ್ತಿದೀನಿ. ಮುಚ್ಚಳ ತೆಗೀತಿದೀನಿ. ಇದು ಸ್ಕ್ರೂ, ಅಂಗೈ ಚಾಚಿ, ಕಳೀಬೇಡಿ. ಗೋಂದು ಕೀಳ್ತಿದೀನಿ, ಸ್ವಲ್ಪ ಸುಟ್ಟ ವಾಸನೆ ಬರುತ್ತೆ, ಹೆದರ್ಬೇಡಿ." ಮೂರನೆಯ ಯಂತ್ರದ ಹೊತ್ತಿಗೆ ತರಲೆ ಸ್ಕ್ರೂಡ್ರೈವರ್ ಕಿತ್ತುಕೊಂಡಿದ್ದಳು. ಐದನೆಯದರ ಹೊತ್ತಿಗೆ ಕೋಣೆಯೆಲ್ಲ ನಿನ್ನ ಶೆಡ್ಡು. ನನ್ನ ಬೆರಳು ಹಿಡಿದು ಆ ಪುಟ್ಟ ಸ್ಪೀಕರ್ ಅದರ ಗೂಡಿಗೆ ಕೂರಿಸಿದೆಯಲ್ಲ, ಟಕ್ ಅಂದ ಆ ಶಬ್ದ ಇನ್ನೂ ಬೆರಳಲ್ಲಿದೆ.

ಮೊದಲ ಯಂತ್ರ ಬಾಯಿ ಬಿಟ್ಟಾಗ ನಾವೆಲ್ಲ ಉಸಿರು ಬಿಗಿಹಿಡಿದಿದ್ದೆವು. ಅದು ಏನಂದಿತು? "ಕಸದ ಬುಟ್ಟಿ. ಖಾಲಿ ಇದೆ." ಜನ ಚಪ್ಪಾಳೆ ತಟ್ಟಿ, ಮೇಜು ಗುದ್ದಿ, ಶಿಳ್ಳೆ ಹೊಡೆದರು. ಅದೇ ಹೊತ್ತಿಗೆ ಅಡುಗೆಮನೆಯಿಂದ ತಪ್ಪಿಸಿಕೊಂಡು ಬಂದ ನಿನ್ನ ಅತ್ತೆ ಬಾಗಿಲಲ್ಲಿ ನಿಂತು, "ಇದೇನೋ, ಇದನ್ನ ಕೇಳೋಕಾ ಇಲ್ಲಿ ಕೂತಿರೋದು?" ಅಂದಳು. "ಅಕ್ಕ, ಇದು ಬರೀ ಶುರು. ಮುಂದೆ ಏನು ಹೇಳುತ್ತೋ ಕೇಳ್ಬೇಕು. ನೀನು ಚಹಾ ಕುಡಿದು ಹೊರಡು" ಅಂದೆ. ಬಾಯಿಂದ ಬಂದ ಮೇಲೆಯೇ ನನಗೂ ತಿಳಿದದ್ದು, ನಾನು ಹೋಗುತ್ತಿಲ್ಲವೆಂದು. ಅವಳು ಮುನಿಸಿಕೊಂಡು ಹೋದಳು, ತಂದ ರೇಡಿಯೋ ಬಿಟ್ಟುಹೋದಳು. ತರಲೆ ಅದನ್ನು ಬಿಚ್ಚಲು ಹೊಂಚು ಹಾಕುತ್ತಿದ್ದಾಳೆ. ನನಗೆ ಪಾಠ ಹೇಳುವವಳೂ ಈಗ ಅವಳೇ. "ತಾತ, ಅದಲ್ಲ" ಅಂದಾಗಲೆಲ್ಲ ಕಿವಿ ಬಿಸಿಯಾಗುತ್ತದೆ. ಆಗಲಿ, ಎದ್ದು ಹೋಗುತ್ತಿಲ್ಲ.

ಈ ಪತ್ರವನ್ನು ನಿನಗಿಂತ ಮೊದಲು ಯಾರೂ ಓದಿಲ್ಲ. ಆದ್ದರಿಂದ ಎರಡು ಮಾತು. ಒಂದು, ನನಗೆ ಬೆಳಿಗ್ಗೆ ಎದ್ದ ಕೂಡಲೇ ಭಯವಾಗುತ್ತದೆ. ಹಾಸಿಗೆಯ ಅಂಚು ಸಿಗುವವರೆಗೆ. ಅದನ್ನು ಅಡುಗೆಯಕ್ಕನಿಗೆ ಹೇಳಿ ಬರೆಸಲು ನಾಲಿಗೆ ಬರಲಿಲ್ಲ.

ಎರಡನೆಯದು, ಬಸ್ಸು ಹತ್ತುವ ಮುಂಚೆ ನೀನು ಬಗ್ಗಿದಾಗ ತಲೆ ಸವರಿದೆ. ಜಡೆ ಇರಲಿಲ್ಲ. ಯಾವಾಗ ಕತ್ತರಿಸಿಕೊಂಡೆ? ಅಲ್ಲೇ ಕೇಳುವುದಕ್ಕೆ ಜನ ಇದ್ದರು. ಬೇಡ ಅನ್ನುತ್ತಿಲ್ಲ. ಹೇಗೆ ಕಾಣುತ್ತದೆ, ಚೆನ್ನಾಗಿದೆಯಾ, ಅಷ್ಟು ಹೇಳು. ಯಾರನ್ನು ಕೇಳಲಿ, ನಿನ್ನನ್ನೇ ಕೇಳಬೇಕು.

ಅಪ್ಪ

ಆಗಸ್ಟ್ ೧೬

ಅಪ್ಪಾ,

ಇಯರ್‌ಫೋನ್ ಹಾಕಿಕೊಂಡು ಕೇಳು. ತರಲೆ ಪಕ್ಕದಲ್ಲಿದ್ದರೆ ಅವಳು ಏಳುವವರೆಗೆ ಕಾಯಿ.

ನಿನ್ನ ಪತ್ರವನ್ನು ಶೆಡ್ಡಿನ ಹಿಂದೆ ಖಾಲಿ ಪೆಟ್ಟಿಗೆಗಳ ನಡುವೆ ಕೂತು ಓದಿದೆ. ಬೆಳಗಿನ ಭಯದ ಸಾಲನ್ನು ಮತ್ತೆ ಮತ್ತೆ ಓದಿದೆ. ಅದಕ್ಕೆ ನನ್ನ ಬಳಿ ಮದ್ದಿಲ್ಲ. ಬೆಳಿಗ್ಗೆ ಅಂಚು ಸಿಕ್ಕ ಮೇಲೆ ನನಗೆ ಒಂದು ಸಾಲು ಬರೆ. "ಸಿಕ್ಕಿತು" ಅಂದರೂ ಸಾಕು. ಅದನ್ನು ನೋಡಿಯೇ ನಾನು ಚಹಾ ಕುಡಿಯುತ್ತೇನೆ.

ಜಡೆ ಕತ್ತರಿಸಿದ್ದು ಕೆಲಸಕ್ಕೆ ಸೇರಿದ ಹೊಸದರಲ್ಲಿ. ಬಗ್ಗಿದಾಗಲೆಲ್ಲ ಯಂತ್ರದೊಳಗೆ ಬೀಳುತ್ತಿತ್ತು. ಒಂದು ದಿನ ಫ್ಯಾನಿಗೆ ತುದಿ ಸಿಕ್ಕಿಕೊಂಡಿತು, ಮೇಸ್ತ್ರಿ ಕತ್ತರಿ ತಂದರು. ನಿನಗೆ ಹೇಳಬೇಕು ಅಂದುಕೊಂಡಿದ್ದೆ. ಚಿಕ್ಕವಳಿದ್ದಾಗ ನೀನೇ ದಿನವೂ ಹೆಣೆಯುತ್ತಿದ್ದೆಯಲ್ಲ, ಅಡುಗೆಯಕ್ಕನ ಬಾಯಿಂದ ಆ ಸುದ್ದಿ ಕೇಳುವುದು ಬೇಡ ಅನಿಸಿತು.

ಹೇಗೆ ಕಾಣುತ್ತದೆ ಅಂತ ಕೇಳಿದ್ದೀಯ. ನಿನಗೆ ಹೇಳಬೇಕಲ್ಲ ಅಂತ ಇವತ್ತು ಕನ್ನಡಿಯ ಮುಂದೆ ನಿಂತು ಸರಿಯಾಗಿ ನೋಡಿಕೊಂಡೆ. ಕೂದಲು ಕಿವಿಯ ಕೆಳಗೆ ನಿಲ್ಲುತ್ತದೆ. ಎಡಗಡೆ ಸ್ವಲ್ಪ ಉದ್ದ, ಮೇಸ್ತ್ರಿಯ ಕೈಚಳಕ. ಕತ್ತು ಕಾಣುತ್ತದೆ, ಮೊದಲು ಕಾಣುತ್ತಿರಲಿಲ್ಲ. ಅಮ್ಮನ ಹಳೆಯ ಫೋಟೋದಲ್ಲಿರುವಂಥದೇ ಕತ್ತು. ಹಣೆಯ ಹತ್ತಿರ ಒಂದು ಎಳೆ ಏನು ಮಾಡಿದರೂ ಕೂರುವುದಿಲ್ಲ, ಸೆಟೆದು ನಿಲ್ಲುತ್ತದೆ.

ಮುಂದಿನ ಸಾಲನ್ನು ಬರೆದು ಅಳಿಸಿ, ಬರೆದು ಅಳಿಸಿ, ಈಗ ಬೆಕ್ಕು ಕೂಡ ನನ್ನನ್ನೇ ನೋಡುತ್ತಿದೆ.

ಚೆನ್ನಾಗಿ ಕಾಣುತ್ತೇನೆ ಅಪ್ಪಾ. ನಿಜವಾಗಿ.

ಗುಬ್ಬಿ